ಹೋದವರ ಕಥೆ, ಉಳಿದವರ ಕಥೆ



ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಬಿಟ್ಟು, ಪಾಂಡವಪುರವನ್ನು ಹಾದು, ಉತ್ತರಕ್ಕೆ ನಾಗಮಂಗಲದ ದಾರಿ ಹಿಡಿದವರಿಗೆ ನೆಲವು ತನ್ನ ಗುಣವನ್ನು ಬದಲಿಸುವುದು ಕಣ್ಣಿಗೆ ಕಾಣುತ್ತದೆ. ನಾಲೆಯ ನೀರು ಹರಿಯುವಷ್ಟು ದೂರ ಭತ್ತ, ಕಬ್ಬು, ತೆಂಗು. ಅದು ಮುಗಿದ ಮೇಲೆ ರಾಗಿ, ಹುರುಳಿ, ಮಳೆಯ ದಾರಿ ಕಾಯುವ ಹೊಲ. ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಬದುಕು. ನೀರಿದ್ದ ಕಡೆಯ ಮಗನಿಗೆ ಊರಿನಲ್ಲಿ ಉಳಿಯಲು ಒಂದು ಕಾರಣವಾದರೂ ಇತ್ತು. ನೀರಿಲ್ಲದ ಕಡೆಯ ಮಗನಿಗೆ ಊರು ಬಿಡಲು ಹತ್ತು ಕಾರಣಗಳಿದ್ದವು.

ಈ ಒಣಸೀಮೆಯ ನಾಗತಿಹಳ್ಳಿಯಲ್ಲಿ 1958ರ ಆಗಸ್ಟ್ 15ರಂದು ಜನಿಸಿದ ಚಂದ್ರಶೇಖರರು ಕನ್ನಡದ ಅಧ್ಯಾಪಕರಾಗಿ, ಕಥೆಗಾರರಾಗಿ, ಕಾದಂಬರಿಕಾರರಾಗಿ, ಅನಂತರ ಚಲನಚಿತ್ರ ನಿರ್ದೇಶಕರಾದವರು. ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡವರು. ಆದರೆ ನಾಗತಿಹಳ್ಳಿ ಚಂದ್ರಶೇಖರ ಎಂದೊಡನೆ ಜನರ ಬಾಯಿಗೆ ಬರುವ ಚಿತ್ರ ಊರಿನದಲ್ಲ, ಸಮುದ್ರದಾಚೆಯ ದೇಶದ್ದು: ‘ಅಮೆರಿಕಾ ಅಮೆರಿಕಾ’. 1996ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಅದಕ್ಕೆ ದೊರೆಯಿತು. ಪ್ರಶಸ್ತಿ ಪಡೆದ ಚಿತ್ರಗಳಿಂದ ಸಾಮಾನ್ಯವಾಗಿ ದೂರವೇ ಉಳಿಯುವ ಪ್ರೇಕ್ಷಕರೂ ಅದನ್ನು ಮನಸಾರೆ ಮೆಚ್ಚಿದರು.

ಇದಕ್ಕೆ ಮೂರು ದಶಕಗಳಷ್ಟು ಹಿಂದೆ, 1963ರಲ್ಲಿ, ಹಾಲಿವುಡ್ಡಿನ ಹಿರಿಯ ನಿರ್ದೇಶಕ ಎಲಿಯಾ ಕಜಾನ್ ಕೂಡ ಒಂದು ಚಿತ್ರವನ್ನು ಮಾಡಿದ್ದರು. ಅದರ ಹೆಸರೂ ‘ಅಮೆರಿಕಾ ಅಮೆರಿಕಾ’. ಹೆಸರೊಂದೇ, ಕಥೆ ಬೇರೆ, ಕಾಲ ಬೇರೆ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣವೆಂದು ನಿಮ್ಮನ್ನು ಕರೆಯುತ್ತಿದ್ದೇನೆ. ನಮ್ಮಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ, ಇಲ್ಲವೇ ಬೆಂಗಳೂರು ಮುಂಬಯಿಗಳಲ್ಲಿ ನೆಲೆನಿಂತಿರುವ ಮನೆಗಳೆಷ್ಟು ಎಂದು ಎಣಿಸಲು ಹೊರಟರೆ, ಹಾಗಿಲ್ಲದ ಮನೆಗಳನ್ನು ಎಣಿಸುವುದೇ ಸುಲಭವಾದೀತು. ಹೋಗುವುದು ಎಂದರೇನು, ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ನಮಗೆ ಬರಿಯ ಸಿನಿಮಾ ಪ್ರಶ್ನೆಯಲ್ಲ.

ಮೊದಲು ಕಜಾನರ ವಿಚಾರ. ಅವರು 1909ರಲ್ಲಿ ಕಾನ್ಸ್ಟಾಂಟಿನೋಪಲ್ ನಗರದಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಗ್ರೀಕ್ ತಂದೆತಾಯಿಗಳಿಗೆ ಜನಿಸಿದರು. ತುರ್ಕಿ ಆಳ್ವಿಕೆಯ ಅನಾತೋಲಿಯಾ ಅವರ ಹಿರಿಯರ ನೆಲ. ನಾಲ್ಕು ವರ್ಷದ ಕೂಸಾಗಿದ್ದಾಗ ಮನೆಯವರೊಡನೆ ಅಮೆರಿಕೆಗೆ ಬಂದರು. ತಂದೆ ನ್ಯೂಯಾರ್ಕಿನಲ್ಲಿ ರತ್ನಗಂಬಳಿ ವ್ಯಾಪಾರಿ. ಮಗನೂ ಅಂಗಡಿಯ ಗಲ್ಲೆಯಲ್ಲಿ ಕೂರಬೇಕೆಂಬ ಬಯಕೆ ಅವರದು. ಮಗನಾದರೋ ರಂಗಭೂಮಿಗೆ ಹೋದ. ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ (1951), ‘ಆನ್ ದಿ ವಾಟರ್‌ಫ್ರಂಟ್’ (1954), ‘ಈಸ್ಟ್ ಆಫ್ ಈಡನ್’ (1955) ಮುಂತಾದ ಚಿತ್ರಗಳಿಂದ ಅಮೆರಿಕದ ಅಭಿನಯದ ರೀತಿಯನ್ನೇ ಮಾರ್ಪಡಿಸಿದವರು ಅವರು. ಮಾರ್ಲನ್ ಬ್ರಾಂಡೊ, ಜೇಮ್ಸ್ ಡೀನ್ ಎಂಬ ನಟರನ್ನು ಲೋಕವು ಇಂದಿಗೂ ನೆನೆಯುವುದರಲ್ಲಿ ಕಜಾನರ ಪಾಲು ದೊಡ್ಡದು.

ಇವುಗಳಲ್ಲಿ ‘ಆನ್ ದಿ ವಾಟರ್‌ಫ್ರಂಟ್’ ನಮ್ಮ ಓದುಗರು ತಪ್ಪದೆ ನೋಡಬೇಕಾದ ಚಿತ್ರ. ಬಂದರಿನ ಕೂಲಿಗಾರರನ್ನು ಸುಲಿಯುವ ಗೂಂಡಾ ಸಂಘಟನೆಯ ಎದುರು ನಿಲ್ಲುವವರಲ್ಲಿ ಫಾದರ್ ಬ್ಯಾರಿ ಎಂಬ ಕಥೋಲಿಕ ಗುರುವೂ ಒಬ್ಬರು. ಕಾರ್ಲ್ ಮಾಲ್ಡನ್ ವಹಿಸಿದ ಈ ಪಾತ್ರಕ್ಕೆ ನ್ಯೂಯಾರ್ಕ್ ಬಂದರಿನಲ್ಲಿ ಕಾರ್ಮಿಕರ ನಡುವೆ ದುಡಿದ ಯೇಸುಸಭೆಯ ಗುರು ಜಾನ್ ಕಾರಿಡನ್ ಪ್ರೇರಣೆ. ಹಡಗಿನ ಒಡಲಲ್ಲಿ, ಕೊಲೆಯಾದ ಕೂಲಿಯವನ ಶವದ ಬಳಿ ನಿಂತು, ಮೇಲಿನಿಂದ ಕೊಳೆತ ಹಣ್ಣು ಬೀಳುತ್ತಿದ್ದರೂ ಆ ಗುರು ಆಡುವ ಮಾತು ಸಿನಿಮಾದಲ್ಲಿ ಬಂದ ಧರ್ಮೋಪದೇಶಗಳಲ್ಲೆಲ್ಲ ಹೆಚ್ಚು ನೆನಪಿನಲ್ಲಿ ಉಳಿಯುವಂಥದು. ಬಲಿಪೀಠದಿಂದ ಇಳಿದು ಜನರ ಬೆವರಿನ ನಡುವೆ ನಿಂತ ಗುರುವನ್ನು ತೋರಿಸುವಾಗ ಕಜಾನರ ಕ್ಯಾಮೆರಾ ಭಕ್ತಿಯನ್ನು ಪ್ರದರ್ಶನಕ್ಕಿಡುವುದಿಲ್ಲ. ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು.

ಇಷ್ಟನ್ನು ಹೇಳಿ ಮುಂದೆ ಸಾಗಿದರೆ ನ್ಯಾಯವಾಗದು. ಈ ಚಿತ್ರದ ಕೇಂದ್ರದಲ್ಲಿರುವುದು ಜೊತೆಗಾರರ ವಿರುದ್ಧ ಸಾಕ್ಷಿ ಹೇಳುವುದು ಸರಿಯೇ ಎಂಬ ಪ್ರಶ್ನೆ. ಅದಕ್ಕೆ ಎರಡು ವರ್ಷ ಮುಂಚೆ, 1952ರ ಏಪ್ರಿಲ್‌ನಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಮುಂದೆ ಕಜಾನರೇ ತಮ್ಮ ಹಳೆಯ ರಂಗಭೂಮಿ ಒಡನಾಡಿಗಳಲ್ಲಿ ಎಂಟು ಮಂದಿಯ ಹೆಸರನ್ನು ಹೇಳಿದ್ದರು. ಚಿತ್ರದ ನಾಯಕ ಕೊಲೆಗಡುಕರ ವಿರುದ್ಧ ಸಾಕ್ಷಿ ನುಡಿದ. ಕಜಾನರು ಹೆಸರಿಸಿದವರು ಕೊಲೆಗಡುಕರಲ್ಲ. ಈ ವ್ಯತ್ಯಾಸವನ್ನು ಚಿತ್ರದ ಸೊಗಸು ಮರೆಸುತ್ತದೆ, ನಾವು ಮರೆಯಬಾರದು. 1999ರಲ್ಲಿ, ಅವರ ತೊಂಬತ್ತರ ಹೊಸ್ತಿಲಲ್ಲಿ, ಜೀವಮಾನದ ಸಾಧನೆಗೆ ಗೌರವ ಆಸ್ಕರ್ ಕೊಟ್ಟಾಗ ಸಭೆಯಲ್ಲಿದ್ದ ಹಲವರು ಏಳಲಿಲ್ಲ, ಕೈತಟ್ಟಲೂ ಇಲ್ಲ. ನಾಲ್ಕು ವರ್ಷಗಳ ಬಳಿಕ, 2003ರಲ್ಲಿ ಅವರು ತೀರಿಕೊಂಡರು.

ವಲಸೆ ಬಂದವನಿಗೆ ತಾನು ಇಲ್ಲಿಯವನೇ ಎಂದು ಸಾಬೀತುಪಡಿಸುವ ಹಂಗು ಮುಗಿಯುವುದೇ ಇಲ್ಲವೇನೋ. ಕಜಾನರ ‘ಅಮೆರಿಕಾ ಅಮೆರಿಕಾ’ವನ್ನು ನೋಡುವಾಗ ನನಗೆ ಮತ್ತೆ ಮತ್ತೆ ಹೀಗೆ ಅನ್ನಿಸಿದೆ. ಅದು ಅವರ ಚಿಕ್ಕಪ್ಪನ ಬದುಕನ್ನು ಆಧರಿಸಿದ ಕಥೆ. ಚಿತ್ರದ ಮೊದಲಿಗೆ ಕಜಾನರ ಸ್ವಂತ ಧ್ವನಿ ಕೇಳುತ್ತದೆ: ರಕ್ತದಿಂದ ತಾನು ಗ್ರೀಕನವನು, ಹುಟ್ಟಿನಿಂದ ತುರ್ಕಿಯವನು, ಅಮೆರಿಕದವನಾದದ್ದು ಚಿಕ್ಕಪ್ಪನೊಬ್ಬ ಕೈಗೊಂಡ ಪ್ರಯಾಣದಿಂದ ಎಂಬ ಅರ್ಥದ ಮಾತು. ಸ್ಟಾವ್ರೋಸ್ ಎಂಬ ತರುಣ ಬೆಟ್ಟದ ಮೇಲಿನ ಹಿಮಗಡ್ಡೆ ಕಡಿದು ತಂದು ಮಾರುವವನು. ಅವನ ಗೆಳೆಯ ಆರ್ಮೇನಿಯದವನು. ಆರ್ಮೇನಿಯದ ಕ್ರೈಸ್ತರು ದೇವಾಲಯದೊಳಗೆ ಆಶ್ರಯ ಪಡೆದಾಗ ಅದಕ್ಕೇ ಬೆಂಕಿಯಿಡುತ್ತಾರೆ, ಗೆಳೆಯ ಸಾಯುತ್ತಾನೆ. ಈ ನೆಲದಲ್ಲಿ ಬದುಕಿಲ್ಲವೆಂದು ಅರಿತ ತಂದೆ ಮನೆಯಲ್ಲಿದ್ದ ಬೆಲೆಬಾಳುವುದನ್ನೆಲ್ಲ ಕತ್ತೆಯ ಮೇಲೆ ಹೇರಿ ಮಗನನ್ನು ನಗರಕ್ಕೆ ಕಳಿಸುತ್ತಾನೆ. ಹಿರಿಮಗ ಮುಂದೆ ಹೋಗಿ ಒಬ್ಬೊಬ್ಬರನ್ನಾಗಿ ಉಳಿದವರನ್ನು ಕರೆಸಿಕೊಳ್ಳಬೇಕು. ಓದುಗರೇ, ಈ ಲೆಕ್ಕಾಚಾರ ನಮಗೆ ಅಪರಿಚಿತವೇ?

ದಾರಿಯಲ್ಲಿ ಒಬ್ಬ ಜೊತೆಯಾಗುತ್ತಾನೆ. ಸ್ನೇಹದ ಮಾತಾಡುತ್ತಾನೆ, ಸ್ಟಾವ್ರೋಸನ ದುಡ್ಡಿನಲ್ಲೇ ಉಣ್ಣುತ್ತಾನೆ, ಕಡೆಗೆ ಅವನದೆಲ್ಲವನ್ನೂ ದೋಚುತ್ತಾನೆ. ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಮಾತೇ ಇದೆ: ಉಂಡೂ ಹೋದ, ಕೊಂಡೂ ಹೋದ. ನಾಗತಿಹಳ್ಳಿಯವರ 1992ರ ಚಿತ್ರದ ಹೆಸರೂ ಅದೇ ಎಂಬುದು ಕಾಕತಾಳೀಯವಾದರೂ ಸ್ವಾರಸ್ಯಕರ. ಸ್ಟಾವ್ರೋಸ್ ಆ ವಂಚಕನನ್ನು ಕೊಲ್ಲುತ್ತಾನೆ. ನಗರದಲ್ಲಿ ಹಮಾಲಿಯಾಗಿ ದುಡಿಯುತ್ತಾನೆ. ಪ್ರಯಾಣದ ಹಣಕ್ಕಾಗಿ ಗಂಬಳಿ ವ್ಯಾಪಾರಿಯೊಬ್ಬನ ಮಗಳನ್ನು ಮದುವೆಯಾಗುವೆನೆಂದು ಒಪ್ಪಿ, ತನ್ನನ್ನು ನಂಬಬೇಡವೆಂದು ಆ ಹುಡುಗಿಗೆ ತಾನೇ ಹೇಳುತ್ತಾನೆ. ಕ್ಷಯದಿಂದ ಬಳಲುವ ಇನ್ನೊಬ್ಬ ಆರ್ಮೇನಿಯದ ತರುಣ ಕಡಲಿಗೆ ಹಾರಿ ಪ್ರಾಣ ಬಿಟ್ಟದ್ದರಿಂದ, ಅವನ ಹೆಸರಿನಲ್ಲಿ ಇವನು ಅಮೆರಿಕದ ದಡ ಸೇರುತ್ತಾನೆ. ದಡ ಸೇರಿ ನೆಲಕ್ಕೆ ಮುತ್ತಿಡುತ್ತಾನೆ. ಬೂಟು ಒರೆಸುವ ಕೆಲಸ ಹಿಡಿಯುತ್ತಾನೆ. ಹಣ ಕೂಡಿಸಿ ಮನೆಯವರನ್ನು ಕರೆಸಿಕೊಳ್ಳುತ್ತಾನೆ, ತಂದೆಯೊಬ್ಬನ ಹೊರತಾಗಿ.

ಸುಮಾರು ಮೂರು ಗಂಟೆಯ ಈ ಚಿತ್ರದ ಹಿರಿಮೆ ಎಲ್ಲಿದೆ? ತನ್ನ ನಾಯಕನನ್ನು ಅದು ಒಳ್ಳೆಯವನನ್ನಾಗಿ ಮಾಡಲು ಹೊರಡುವುದಿಲ್ಲ. ಅವನ ನಗೆಯೊಳಗಿನ ಸುಳ್ಳನ್ನೂ, ಕೈಗಂಟಿದ ರಕ್ತವನ್ನೂ ತೋರಿಸಿ, ಆದರೂ ಇವನು ನಮ್ಮವನು, ಇವನಿಂದಾಗಿಯೇ ನಾವು ಈ ನೆಲದಲ್ಲಿದ್ದೇವೆ ಎನ್ನುತ್ತದೆ. ಸ್ವಂತ ಮನೆತನದ ಬಗ್ಗೆ ಹೀಗೆ ಹೇಳಲು ಎದೆಗಾರಿಕೆ ಬೇಕು. ಸಮಿತಿಯ ಮುಂದೆ ತಲೆಬಾಗಿ ಬಂದವನಿಗೆ ಆ ಎದೆಗಾರಿಕೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಬಹುಶಃ ಅಲ್ಲಿಂದಲೇ ಎಂದೇನು.

ಈಗ ನಾಗಮಂಗಲಕ್ಕೆ ಮರಳೋಣ. ಅಮೆರಿಕೆಯನ್ನು ಕಂಡು ಬರೆದವರಲ್ಲಿ ನಾಗತಿಹಳ್ಳಿಯವರು ಈ ಸೀಮೆಗೆ ಮೊದಲಿಗರಲ್ಲ. ನೆರೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಆ ದೇಶಕ್ಕೆ ಹೋಗಿಬಂದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದಿದ್ದರು. ಅದು ಅತಿಥಿಯಾಗಿ ಹೋದವರ ಬರಹ. ಅತಿಥಿಗೆ ಮರಳುವ ದಿನ ಗೊತ್ತಿರುತ್ತದೆ. ನೆಲೆಸಲು ಹೋದವರಿಗೆ ಅದು ಗೊತ್ತಿರುವುದಿಲ್ಲ. ನಾಗತಿಹಳ್ಳಿಯವರು ಎತ್ತಿಕೊಂಡದ್ದು ಈ ಎರಡನೆಯವರ ಕಥೆಯನ್ನು.

ಬಾಲ್ಯದ ಮೂವರು ಗೆಳೆಯರು: ಸೂರ್ಯ, ಶಶಾಂಕ, ಭೂಮಿಕಾ. ಹೆಸರುಗಳಲ್ಲೇ ವಿನ್ಯಾಸವಿದೆ. ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿ. ಸ್ವಂತ ಬೆಳಕಿನವನು ಒಬ್ಬ, ಎರವಲು ಬೆಳಕಿನವನು ಮತ್ತೊಬ್ಬ. ಕಲಿತ ವಿದ್ಯೆ ಈ ನೆಲಕ್ಕೆ ಸಲ್ಲಬೇಕೆಂಬುದು ರಮೇಶ್ ಅರವಿಂದ್ ಅಭಿನಯಿಸಿದ ಸೂರ್ಯನ ನಂಬಿಕೆ. ಅಕ್ಷಯ್ ಆನಂದ್ ಅಭಿನಯಿಸಿದ ಶಶಾಂಕನಿಗೆ ಅಮೆರಿಕೆಯೇ ಕನಸು. ಹೇಮಾ ಪಂಚಮುಖಿಯವರ ಭೂಮಿಕಾ ಶಶಾಂಕನ ಕೈಹಿಡಿದು ಅಲ್ಲಿಗೆ ಹೋಗುತ್ತಾಳೆ. ಮುಂದೆ ಸೂರ್ಯನೂ ಆ ದೇಶಕ್ಕೆ ಹೋಗುವ ಪ್ರಸಂಗ ಬಂದಾಗ, ಸುಖದ ಮನೆಯೊಳಗಿನ ಬಿರುಕುಗಳು ಕಾಣತೊಡಗುತ್ತವೆ. ಚಿತ್ರಕ್ಕೆ ಸಂಗೀತ ಕೊಟ್ಟ ಮನೋ ಮೂರ್ತಿಯವರು ತಾವೇ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು. ಉಳಿದವನ ಪರವಾಗಿ ವಾದಿಸುವ ಚಿತ್ರಕ್ಕೆ ಹೋದವನೊಬ್ಬನ ರಾಗ! ಆ ರಾಗಗಳಲ್ಲಿರುವ ಹಂಬಲ ಚಿತ್ರದ ಮಾತುಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆಂಬುದು ನನ್ನ ಅನಿಸಿಕೆ.

ಮಾತಿನ ಬಗೆಗೇ ನನ್ನ ತಕರಾರು. ಸೂರ್ಯ ಮತ್ತು ಶಶಾಂಕರ ವಾದದಲ್ಲಿ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿದೆ. ಪ್ರೀತಿ, ತ್ಯಾಗ, ದೇಶಾಭಿಮಾನ, ಸೌಜನ್ಯ ಎಲ್ಲವೂ ಸೂರ್ಯನ ಪಾಲು. ಹಣದಾಸೆ, ಅವಸರ, ಅನುಮಾನ ಶಶಾಂಕನ ಪಾಲು. ಉಳಿಯುವುದು ಒಳ್ಳೆಯದೆಂದು ತೋರಿಸಲು ಹೋದವನನ್ನು ಸಣ್ಣವನನ್ನಾಗಿ ಮಾಡಬೇಕಿರಲಿಲ್ಲ. ಕಜಾನರ ಸ್ಟಾವ್ರೋಸ್ ಶಶಾಂಕನಿಗಿಂತ ಎಷ್ಟೋ ಪಾಲು ಕೆಟ್ಟವನು, ಆದರೆ ಅವನ ಬಗ್ಗೆ ನಮಗೆ ತಾತ್ಸಾರ ಹುಟ್ಟುವುದಿಲ್ಲ. ಅವನ ಬೆನ್ನ ಹಿಂದೆ ಹಸಿವೂ ಬೆಂಕಿಯೂ ಇವೆ. ಶಶಾಂಕನ ಬೆನ್ನ ಹಿಂದೆ ಅಂಥದೇನೂ ಇಲ್ಲ. ಅವನು ಬಯಸಿ ಹೋದವನು, ಅಟ್ಟಿಸಿಕೊಂಡು ಹೋದವನಲ್ಲ. ಬರದ ಸೀಮೆಯಲ್ಲಿ ಹುಟ್ಟಿದ ನಿರ್ದೇಶಕರು, ಊರು ಬಿಡಲು ಬಡತನವೂ ಕಾರಣವೆಂಬುದನ್ನು ಈ ಚಿತ್ರದಲ್ಲಿ ಏಕೆ ಹೊರಗಿಟ್ಟರೆಂದು ನಾನು ಬೆರಗಾಗಿದ್ದೇನೆ.

ಹೀಗೆಂದ ಮೇಲೂ, ಕನ್ನಡದ ‘ಅಮೆರಿಕಾ ಅಮೆರಿಕಾ’ ಒಂದು ಕೆಲಸವನ್ನು ಮಾಡುತ್ತದೆ. ಅದನ್ನು ಹಾಲಿವುಡ್ಡಿನ ಮಹಾಚಿತ್ರ ಮಾಡಿಲ್ಲ. ಕಜಾನರಿಗೆ ಹೋದವನೇ ನಾಯಕ. ಊರಲ್ಲೇ ಮಣ್ಣಾದ ತಂದೆಗೆ ಚಿತ್ರದ ಕೊನೆಯಲ್ಲಿ ದೊರೆಯುವುದು ಒಂದು ಮಾತು ಮಾತ್ರ. ಕತ್ತೆಯ ಬೆನ್ನಿಗೆ ಮನೆಯ ಸರ್ವಸ್ವವನ್ನೂ ಕಟ್ಟಿ ಕಳಿಸಿದ ಆ ಮನುಷ್ಯ ಆಮೇಲೆ ಏನನ್ನು ಉಂಡ, ಯಾರೊಡನೆ ಮಾತಾಡಿದ, ಕಾಗದ ಬಂದ ದಿನ ಏನು ಮಾಡಿದ? ಚಿತ್ರಕ್ಕೆ ಅದರ ಕುತೂಹಲವಿಲ್ಲ. ನಾಗತಿಹಳ್ಳಿಯವರಿಗೆ ಉಳಿದವನೇ ನಾಯಕ. ಉಳಿಯುವುದು ಸೋಲಲ್ಲ, ಅದೂ ಒಂದು ಆಯ್ಕೆ ಎಂದು ಆ ಹೊತ್ತಿನಲ್ಲಿ ಹೇಳಿದ್ದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆಯುತ್ತಿದ್ದ, ವೀಸಾ ಎಂಬ ಪದ ಮನೆಮಾತಾಗತೊಡಗಿದ್ದ ವರ್ಷಗಳು ಅವು. ಇನ್ನು ಭೂಮಿಕಾ. ಇಬ್ಬರ ವಾದದ ನಡುವೆ ಸವೆಯುವ ಹೆಣ್ಣಿನ ಒಂಟಿತನವನ್ನು ಚಿತ್ರ ತಾಳ್ಮೆಯಿಂದ ನೋಡುತ್ತದೆ. ಸ್ಟಾವ್ರೋಸ್ ಕೈಬಿಟ್ಟ ಗಂಬಳಿ ವ್ಯಾಪಾರಿಯ ಮಗಳಿಗೆ ಇಷ್ಟು ಹೊತ್ತಿನ ಗಮನ ದೊರೆತಿಲ್ಲ.

ನಾಗತಿಹಳ್ಳಿಯವರ ನಿಜವಾದ ಕಸುವು ಯಾವುದೆಂದು ತಿಳಿಯಲು ಇನ್ನೂ ಹಿಂದಿನ ಎರಡು ಚಿತ್ರಗಳನ್ನು ನೋಡಬೇಕೆಂಬುದು ನನ್ನ ಮತ. ‘ಉಂಡೂ ಹೋದ ಕೊಂಡೂ ಹೋದ’ದಲ್ಲಿ ಅನಂತ್ ನಾಗ್ ಹಳ್ಳಿಯೊಂದಕ್ಕೆ ಬಂದಿಳಿಯುವ ನಯವಂಚಕ. ದನಕರುಗಳಿಗೆ ಆಸ್ಪತ್ರೆ ತರುವೆನೆಂಬ ಮಾತಿಗೆ ಊರಿಗೆ ಊರೇ ಮರುಳಾಗುತ್ತದೆ. ನಗುನಗುತ್ತಾ ನೋಡುವ ಚಿತ್ರ ಅದು. ಆದರೆ ನಗುವಿನ ಕೆಳಗೆ ಒಂದು ನೋವಿದೆ: ಹಸುವಿಗೆ ಮದ್ದಿಲ್ಲದ ಊರಿಗೆ ಮಾತ್ರ ಇಂಥ ಮೋಸ ಮಾಡಲು ಸಾಧ್ಯ. ವಂಚಕನು ಜನರ ದಡ್ಡತನವನ್ನಲ್ಲ, ಕೊರತೆಯನ್ನು ಬಂಡವಾಳ ಮಾಡಿಕೊಳ್ಳುತ್ತಾನೆ. ಇಲ್ಲಿ ಹಳ್ಳಿಗರು ಮುಗ್ಧ ದೇವರುಗಳಲ್ಲ. ಆಸೆ, ಜಂಬ, ಸಣ್ಣ ಜಗಳ ಎಲ್ಲವೂ ಉಳ್ಳವರು. ಕರಿಬಸವಯ್ಯನಂಥ ನಟರು ಬಾಯಿ ತೆರೆದರೆ ಸಾಕು, ಪರದೆಯ ಮೇಲೆ ನಿಜವಾದ ಊರೊಂದು ಬಂದು ಕೂರುತ್ತದೆ.

‘ಕೊಟ್ರೇಶಿ ಕನಸು’ ಇನ್ನೊಂದು ಬಗೆಯದು. ಕುಂ. ವೀರಭದ್ರಪ್ಪನವರ ಕಥೆ, ಬಳ್ಳಾರಿ ಸೀಮೆಯ ನೆಲ. ಕೊಟ್ರೇಶಿ ಎಂಬ ಹೆಸರೇ ಕೊಟ್ಟೂರಿನ ಸುತ್ತಿನದು. ದಲಿತರ ಹುಡುಗನೊಬ್ಬ ಏಳನೆಯ ತರಗತಿ ಪಾಸು ಮಾಡುತ್ತಾನೆ. ಅಷ್ಟೇ ಘಟನೆ. ಅಷ್ಟಕ್ಕೇ ಅವನ ಕೇರಿ ಹಬ್ಬದಂತೆ ಸಂಭ್ರಮಿಸುತ್ತದೆ, ಮೇಲಿನವರ ಮುಖ ಗಂಟಿಕ್ಕುತ್ತದೆ, ಹೈಸ್ಕೂಲಿನ ಬಾಗಿಲು ದೂರವಾಗುತ್ತದೆ. ಹುಡುಗನಾಗಿ ನಟಿಸಿದ ವಿಜಯ ರಾಘವೇಂದ್ರನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. 1994ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೂ ಅದೇ ಆಯಿತು. ಸೂರ್ಯನೂ ಶಶಾಂಕನೂ ಅಮೆರಿಕೆಗೆ ಹೋಗಬೇಕೋ ಬೇಡವೋ ಎಂದು ವಾದಿಸುತ್ತಾರೆ. ಕೊಟ್ರೇಶಿಗೆ ಎಂಟನೆಯ ತರಗತಿಗೆ ಹೋಗುವುದೇ ಸಮುದ್ರ ದಾಟಿದಂತೆ. ಊರಿನಲ್ಲಿ ಉಳಿಯಿರಿ ಎಂದು ಎಲ್ಲರಿಗೂ ಹೇಳುವ ಮುನ್ನ, ಊರು ಎಲ್ಲರನ್ನೂ ಉಳಿಸಿಕೊಳ್ಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ‘ಅಮೆರಿಕಾ ಅಮೆರಿಕಾ’ಕ್ಕೆ ಅದೇ ನಿರ್ದೇಶಕರು ಮೊದಲೇ ಬರೆದಿಟ್ಟ ಮರುತ್ತರವಿದು.

ಆಮೇಲಿನ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ನನ್ನ ಪ್ರೀತಿಯ ಹುಡುಗಿ’ (2001), ‘ಪ್ಯಾರಿಸ್ ಪ್ರಣಯ’ (2003) ಮೊದಲಾದವುಗಳಲ್ಲಿ ಹೊರದೇಶವು ಪ್ರಶ್ನೆಯಾಗಿ ಉಳಿಯದೆ ಹಿನ್ನೆಲೆಯ ಚಿತ್ರಪಟವಾಗುತ್ತದೆ. ಹಾಡು ಇಂಪು, ದೃಶ್ಯ ಚೆಂದ. ಯಾರಿಗೂ ಏನೂ ನಷ್ಟವಾಗದ ಕಥೆ. ‘ಅಮೃತಧಾರೆ’ (2005) ಬೆಂಗಳೂರಿನ ಯುವದಂಪತಿಯ ಕಥೆಯಲ್ಲಿ ಕಾಯಿಲೆಯನ್ನೂ ಮರಣವನ್ನೂ ತಂದು ಮನೆಮಂದಿಯನ್ನೆಲ್ಲ ಅಳಿಸಿತು. ‘ಮಾತಾಡ್ ಮಾತಾಡು ಮಲ್ಲಿಗೆ’ (2007) ಮಾತ್ರ ಮಣ್ಣಿಗೆ ಹಿಂದಿರುಗುವ ಪ್ರಯತ್ನ. ಅದರಲ್ಲಿ ವಿಷ್ಣುವರ್ಧನ್ ಹೂ ಬೆಳೆಗಾರ. ನೆಲ ಕಬಳಿಸಲು ಬರುವ ಕಂಪನಿಯ ಎದುರು ಅಹಿಂಸೆಯಿಂದ ನಿಲ್ಲುವವನು. ಉದ್ದೇಶ ಉದಾತ್ತ, ಭಾಷಣ ಕೊಂಚ ಹೆಚ್ಚು. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಪರದೆಯ ಮೇಲೆ ಊರನ್ನು ಬಿಟ್ಟು ದೂರ ಹೋದರೂ, ಬದುಕಿನಲ್ಲಿ ನಾಗತಿಹಳ್ಳಿಯವರು ಊರನ್ನು ಬಿಡಲಿಲ್ಲ. ಹುಟ್ಟೂರಿನಲ್ಲಿ ಯುಗಾದಿಯ ಹೊತ್ತಿಗೆ ಸಂಸ್ಕೃತಿ ಹಬ್ಬವನ್ನು ವರ್ಷಗಳ ಕಾಲ ನಡೆಸಿದರು. ನಾಟಕ, ಹಾಡು, ವೈದ್ಯಕೀಯ ಶಿಬಿರಗಳನ್ನು ಹಳ್ಳಿಯ ಅಂಗಳಕ್ಕೆ ತಂದರು. ಹೋದವನೂ ಉಳಿದವನೂ ಒಬ್ಬನೇ ಆಗಬಹುದೆಂಬುದಕ್ಕೆ ಅವರ ಬದುಕು ಅವರ ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆಗಳಿಂದ ಊರು ಬಿಟ್ಟವರಲ್ಲಿ ಅಮೆರಿಕೆಗೆ ಹೋದವರು ಎಷ್ಟು ಮಂದಿ? ಬಹುಪಾಲು ಜನ ಹೋದದ್ದು ಬೆಂಗಳೂರಿಗೆ, ಮುಂಬಯಿಗೆ. ಅಲ್ಲಿ ಚಿಕ್ಕಪುಟ್ಟ ಕೆಲಸ ಹಿಡಿದು, ಇಲ್ಲಿಗೆ ಹಣ ಕಳಿಸಿ, ಹಬ್ಬಕ್ಕೆ ಬಂದು ಹೋದವರು. 2020ರ ಮೇ ತಿಂಗಳಿನಲ್ಲಿ ಕೊರೊನಾ ಕಾಲದ ಬೀಗಮುದ್ರೆ ಸಡಿಲಿದಾಗ ಅವರು ಮಂಡ್ಯ ಜಿಲ್ಲೆಗೆ ಗುಂಪುಗುಂಪಾಗಿ ಮರಳಿದರು. ಆ ವಾರಗಳಲ್ಲಿ ಜಿಲ್ಲೆಯ ಸೋಂಕಿತರ ಪಟ್ಟಿಯಲ್ಲಿ ಮುಂಬಯಿಯಿಂದ ಬಂದವರದೇ ಸಂಖ್ಯೆ, ಅದರಲ್ಲೂ ಕೃಷ್ಣರಾಜಪೇಟೆ ತಾಲ್ಲೂಕಿನವರದು ಹೆಚ್ಚು. ಹಾಸ್ಟೆಲುಗಳಲ್ಲಿ, ಶಾಲೆಗಳಲ್ಲಿ ಅವರನ್ನು ಇರಿಸಲಾಯಿತು. ಇಷ್ಟು ವರ್ಷ ಅವರು ಕಳಿಸಿದ ಹಣವನ್ನು ಪಡೆದ ಊರುಗಳಲ್ಲೇ ಅವರನ್ನು ಕಂಡರೆ ಭಯ. ಸೂರ್ಯನ ವಾದದಂತೆ ಅವರು ಮರಳಿ ಬಂದಿದ್ದರು. ಸ್ಟಾವ್ರೋಸನಂತೆ ನೆಲಕ್ಕೆ ಮುತ್ತಿಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ.

ಅವರ ಚಿತ್ರವನ್ನು ನಾಗತಿಹಳ್ಳಿಯವರು ಮಾಡಲಿಲ್ಲ. ಮಾಡಬಲ್ಲವರು ಯಾರೆಂದು ಕೇಳಿದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ. ‘ಅಮೆರಿಕಾ ಅಮೆರಿಕಾ’ದ ನಿರ್ದೇಶಕರೆಂಬ ಕಾರಣಕ್ಕಲ್ಲ, ಹಸುವಿಗೆ ಮದ್ದಿಲ್ಲದ ಊರನ್ನು ತೋರಿಸಿದವರೆಂಬ ಕಾರಣಕ್ಕೆ. ಅಲ್ಲಿಯವರೆಗೆ, ಓದುಗರೇ, ಒಂದು ಭಾನುವಾರದ ಸಂಜೆ ಮಕ್ಕಳನ್ನು ಕೂರಿಸಿಕೊಂಡು ‘ಕೊಟ್ರೇಶಿ ಕನಸು’ ನೋಡಿರಿ. ಎರಡು ‘ಅಮೆರಿಕಾ ಅಮೆರಿಕಾ’ಗಳನ್ನು ಅದರ ಅನಂತರ ನೋಡಬಹುದು.